ಅಕ್ಕನ ಲ್ಯಾಪ್‌ಟಾಪ್, ಭಾಗ 3: ಬೋರ್ಡ್ ಹೋಗಿದೆ ಅಂದ್ರೆ ಏನು ಹೋಗಿದೆ?

ಎರಡನೇ ಫೋಟೋ ನೋಡಿ. ಬೋರ್ಡ್ ಮಧ್ಯೆ ಹೊಳೀತಿರೋ ಸಣ್ಣ ಚೌಕ ಇದೆಯಲ್ಲ, ನನ್ನ ಒಂದೂವರೆ ತಿಂಗಳ ನಿದ್ದೆ ಕೆಡಿಸಿದ್ದು ಅದೇ.

ಕಳೆದ ಭಾಗದಲ್ಲಿ ಹೇಳಿದ್ನಲ್ಲ, ಸ್ಕ್ರೀನ್ ಮೇಲೆ ಗೆರೆ ಗೆರೆ ಬಂದು ಆಮೇಲೆ ಪೂರ್ತಿ ಕಪ್ಪಾಯ್ತು ಅಂತ. ಫ್ಯಾನ್ ತಿರುಗುತ್ತೆ, ಲೈಟ್ ಹತ್ತುತ್ತೆ, ಚಿತ್ರ ಮಾತ್ರ ಇಲ್ಲ. 2016ರಲ್ಲಿ ಅಕ್ಕ ಸಂಬಳದಲ್ಲಿ ಉಳಿಸಿ ಉಳಿಸಿ ತಗೊಂಡ ಲ್ಯಾಪ್‌ಟಾಪ್ ಅದು. ನಾನು ಇಂಜಿನಿಯರಿಂಗ್ ಸೇರಿದಾಗ ಕೊಟ್ಲು. "ಹಾಸಿಗೆ ಮೇಲಿಟ್ಕೊಂಡು ಬಳಸ್ಬೇಡ ಕಣೋ, ಗಾಳಿ ಆಡಲ್ಲ" ಅಂದಿದ್ಲು. ಮೂರು ವರ್ಷ ಹಾಸಿಗೆ ಮೇಲೇ ಬಳಸಿದೆ. ಹಾಗಾಗಿ ಅವಳಿಗೆ ಫೋನ್ ಮಾಡೋ ಧೈರ್ಯ ಬರ್ಲಿಲ್ಲ.

ಸರ್ವೀಸ್ ಸೆಂಟರ್‌ನಲ್ಲಿ 24,000 ಅಂದ್ರು. ಬೋರ್ಡಲ್ಲಿ ಏನು ಹೋಗಿದೆ ಅಂತ ಕೇಳಿದ್ರೆ "ಬೋರ್ಡ್ ಹೋಗಿದೆ". ಅಷ್ಟೇ ಉತ್ತರ. ಸೀದಾ ಎಸ್.ಪಿ. ರೋಡ್‌ಗೆ ಬಂದೆ. ಮೊದಲನೇ ಅಂಗಡಿಯವನು ಚಿಪ್‌ಗೆ ಹೀಟ್ ಹೊಡೆದು 1,800 ತಗೊಂಡ. ಸರಿಹೋಯ್ತು! ಹಾಸ್ಟೆಲಲ್ಲಿ ಎಲ್ಲರಿಗೂ ಟೀ ಕೊಡಿಸಿದೆ. 19 ದಿನಕ್ಕೆ ಮತ್ತೆ ಕಪ್ಪು.

ಎರಡನೇ ಅಂಗಡಿಯ ಅಣ್ಣ ಮೊದಲು ಹೊರಗಿನ ಮಾನಿಟರ್ ಸಿಕ್ಕಿಸಿ ನೋಡಿದ್ರು. ಅದ್ರಲ್ಲೂ ಏನೂ ಬರ್ಲಿಲ್ಲ, ಅಂದ್ರೆ ಸ್ಕ್ರೀನ್ ತಪ್ಪಲ್ಲ. ಆಮೇಲೆ ಮಲ್ಟಿಮೀಟರ್ ಹಿಡಿದು ಅರ್ಧ ಗಂಟೆ ಒಂದೊಂದೇ ಪಾಯಿಂಟ್ ಮುಟ್ಟಿದ್ರು. "ಕರೆಂಟ್ ಎಲ್ಲ ಸರಿ ಬರ್ತಿದೆ. ಗ್ರಾಫಿಕ್ಸ್ ಚಿಪ್ಪೇ ಕೈಕೊಟ್ಟಿದೆ." ಚಿಪ್ ಒಳಗಡೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಸುಗೆಗಳಿರ್ತವಂತೆ. ದಿನಾ ಬಿಸಿ, ತಣ್ಣಗೆ, ಬಿಸಿ, ತಣ್ಣಗೆ ಆಗಿ ಅವು ಬಿರುಕು ಬಿಡ್ತವೆ. ಹೀಟ್ ಕೊಟ್ರೆ ಸ್ವಲ್ಪ ದಿನ ಮತ್ತೆ ಕೂಡ್ಕೊಳ್ತವೆ, ಅಷ್ಟೇ. ರೀಬಾಲಿಂಗ್ ಮಾಡಿಸ್ಲಾ ಅಂದೆ. ಚಿಪ್ ಕೆಳಗಿರೋ ಬೆಸುಗೆ ಗುಂಡುಗಳನ್ನ ಹೊಸದಾಗಿ ಕೂರಿಸೋದು ಅದು, ಚಿಪ್ ಮಾತ್ರ ಅದೇ ಹಳೇದು. ಖಾಯಿಲೆ ಒಳಗಿದ್ರೆ ಏನು ಪ್ರಯೋಜನ ಅಂದ್ರು. ಚಿಪ್ಪೇ ಬದಲಾಯಿಸಿದ್ರೆ 6,500, ಆದ್ರೆ 'ಹೊಸದು' ಅಂತ ಮಾರೋದ್ರಲ್ಲಿ ಎಷ್ಟೋ ಹಳೇ ಬೋರ್ಡಿಂದ ಕಿತ್ತಿದ್ದು.

ಆಮೇಲೆ ಕೇಳಿದ್ರು, "ಗೇಮ್ ಆಡ್ತೀಯಾ?"

"ಇಲ್ಲಣ್ಣ, ಪ್ರಾಜೆಕ್ಟ್ ರಿಪೋರ್ಟ್."

"ಹಾಗಾದ್ರೆ ನಿಂಗೆ ಆ ಚಿಪ್ ಯಾಕೆ?"

ಇದು ನನಗೆ ಗೊತ್ತೇ ಇರ್ಲಿಲ್ಲ. ಅದೇ ಮಾಡೆಲ್‌ನಲ್ಲಿ ಗ್ರಾಫಿಕ್ಸ್ ಚಿಪ್ ಇಲ್ಲದ ಬೋರ್ಡೂ ಬಂದಿತ್ತಂತೆ. ಚಿತ್ರ ತೋರಿಸೋ ಕೆಲಸ ಪ್ರೊಸೆಸರ್ರೇ ಮಾಡುತ್ತೆ. ಸ್ಕ್ರೀನ್ ಒಡೆದ ಲ್ಯಾಪ್‌ಟಾಪಿಂದ ತೆಗೆದ ಬೋರ್ಡ್, ಅದಕ್ಕೆ ಹೊಂದೋ ಹೀಟ್‌ಸಿಂಕ್ ಸೇರಿ 5,200. ಎರಡು ಗಂಟೆ ಓಡಿಸಿ ತೋರಿಸಿದ ಮೇಲೇ ದುಡ್ಡು ತಗೊಂಡ್ರು. (ನೀವೂ ಹಳೇ ಬೋರ್ಡ್ ತಗೊಳ್ಳೋದಾದ್ರೆ ಹೀಗೇ ಕೇಳಿ, ನಾಚ್ಕೋಬೇಡಿ.)

ನನ್ನ ಡಿಸ್ಕ್ ಹಾಕಿ ಆನ್ ಮಾಡಿದ್ರೆ ನೀಲಿ ಪರದೆ: ಬಿಟ್‌ಲಾಕರ್, 48 ಅಂಕಿಯ ರಿಕವರಿ ಕೀ ಕೊಡಿ. ಬೋರ್ಡ್ ಬದಲಾದ್ರೆ ಡಿಸ್ಕ್ ನಮ್ಮನ್ನ ನಂಬಲ್ಲ. ಕೀ ಇರೋದು ಅದನ್ನ ಹಾಕಿಸಿದವರ ಹತ್ರ. ಸಬ್‌ಮಿಷನ್‌ಗೆ ಇನ್ನು ನಾಲ್ಕು ದಿನ, ರಿಪೋರ್ಟ್ ಅದ್ರೊಳಗೆ. ಬೇರೆ ಎಲ್ಲೂ ಕಾಪಿ ಇಲ್ಲ, ಬೈಬೇಡಿ.

ಅಂಗಡಿ ಸ್ಟೂಲ್ ಮೇಲೆ ಕೂತು ಫೋನ್ ಮಾಡ್ದೆ. ಅಕ್ಕ ಏನೂ ಕೇಳದೆ ತನ್ನ ಅಕೌಂಟ್ ತೆಗೆದು ಓದೋಕೆ ಶುರು ಮಾಡಿದ್ಲು. ಆರಾರು ಅಂಕಿ, ಎಂಟು ಗುಂಪು. ಐದನೇದು ಮುಗಿಸಿ ನಿಲ್ಲಿಸಿದ್ಲು.

"ಹಾಸಿಗೆ ಮೇಲಿಟ್ಟಿದ್ದೆ ಅಲ್ವಾ?"

"ಹ್ಞೂಂ."

"ಒತ್ತು. ಆರನೇದು."