ಬಿಲ್ಲನ ಬಳಪ

ರಾತ್ರಿ ಊಟವಾದ ಮೇಲೆ ಮೊಮ್ಮಗಳಿಗೆ ಆಲಿಸಳ ಕಥೆಯನ್ನು ಕನ್ನಡದಲ್ಲಿ ಹೇಳುವ ಕೆಲಸ ಈಚೆಗೆ ನನ್ನ ಪಾಲಿಗೆ ಬಂದಿದೆ. ಕಾಲೇಜಿನ ದಿನಗಳಲ್ಲಿ ಓದಿ, ನಕ್ಕು, ಮರೆತ ಪುಸ್ತಕ. ಆಕ್ಸ್‌ಫರ್ಡಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಡಾಡ್ಜ್‌ಸನ್ ಮಹಾಶಯರು 1862ರ ಜುಲೈ 4ರಂದು ಮೂವರು ಅಕ್ಕತಂಗಿಯರನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗುವಾಗ ಕಟ್ಟಿ ಹೇಳಿದ ಕಥೆ; 1865ರಲ್ಲಿ ಲೂಯಿಸ್ ಕ್ಯಾರಲ್ ಎಂಬ ಹೆಸರಿನಿಂದ ಪುಸ್ತಕವಾಯಿತು. ನಗೆಯನ್ನಷ್ಟೇ ಬಿಟ್ಟು ಮಾಯವಾಗುವ ಬೆಕ್ಕು, ಚಹಾ ಮುಗಿಯದ ಟೋಪಿಯವನು, ಮಾತೆತ್ತಿದರೆ ತಲೆ ಕಡಿಯಿರೆನ್ನುವ ರಾಣಿ, ಇವರನ್ನು ಮರೆತವರುಂಟೆ? ಆದರೆ ಈ ಸಲ ನನ್ನ ಕಣ್ಣಿಗೆ ಬಿದ್ದವನು ಬಿಲ್ ಎಂಬ ಬಡಪಾಯಿ ಹಲ್ಲಿ.

ಆಲಿಸ್ ಬೆಳೆದು ಬೆಳೆದು ಮೊಲರಾಯನ ಮನೆಯೊಳಗೆ ಸಿಕ್ಕಿಕೊಂಡಾಗ, ಹೊಗೆಗೂಡಿನಲ್ಲಿ ಇಳಿಯುವವರು ಯಾರು? ಬಿಲ್ಲನೇ. ಯಜಮಾನರ ಅಪ್ಪಣೆ! ಇಳಿದವನನ್ನು ಆಲಿಸ್ ಒಳಗಿನಿಂದ ಒದೆಯುತ್ತಾಳೆ. ಅವನು ಬಾಣದಂತೆ ಆಕಾಶಕ್ಕೆ ಹಾರುತ್ತಾನೆ. ಟೆನಿಯಲ್ ಬರೆದ ಚಿತ್ರವನ್ನು ನೋಡಿ ಮಗು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ಅಧ್ಯಾಯದ ಹೆಸರಿನಲ್ಲೇ ಒಂದು ಶ್ಲೇಷೆಯಿದೆ: ಮೊಲವು ಬಿಲ್ಲನನ್ನು ಒಳಕ್ಕೆ ಕಳಿಸಿತೆಂದೂ ಆಗುತ್ತದೆ, ಸಣ್ಣದೊಂದು ಬಿಲ್ಲು ಕಳಿಸಿತೆಂದೂ ಆಗುತ್ತದೆ. ನಮ್ಮಲ್ಲಾದರೆ ಹಲ್ಲಿ ಲೊಚಗುಟ್ಟಿದರೆ ಶಕುನವೆಂದು ಕಿವಿಗೊಡುವವರಾದರೂ ಉಂಟು. ಈ ಹಲ್ಲಿಗೆ ಆ ಭಾಗ್ಯವೂ ಇಲ್ಲ.

ಕೊನೆಯಲ್ಲಿ ನ್ಯಾಯಸ್ಥಾನದ ದೃಶ್ಯ. ಹನ್ನೆರಡು ಮಂದಿ ಪಂಚರಲ್ಲಿ ಬಿಲ್ಲನೂ ಒಬ್ಬ. ಸ್ಲೇಟಿನ ಮೇಲೆ ಅವನ ಬಳಪ ಕಿರ್ರೆನ್ನುತ್ತದೆ. ಆಲಿಸಳಿಗೆ ಅದು ಸಹಿಸದು. ಹಿಂದಿನಿಂದ ಹೋಗಿ ಬಳಪವನ್ನು ಎಗರಿಸಿಬಿಡುತ್ತಾಳೆ. ಏನಾಯಿತೆಂದು ತಿಳಿಯದೆ ಬಿಲ್ ಅತ್ತಿತ್ತ ಹುಡುಕುತ್ತಾನೆ, ಆಮೇಲೆ ಬೆರಳಿನಿಂದಲೇ ಬರೆಯತೊಡಗುತ್ತಾನೆ. ಸ್ಲೇಟಿನಲ್ಲಿ ಗುರುತೇನೂ ಮೂಡದು. ಮುಂದೆ ರಾಣಿ ಮಸಿಕುಡಿಕೆಯನ್ನು ಅವನತ್ತ ಎಸೆದಾಗ, ಮುಖದಿಂದ ಇಳಿಯುವ ಮಸಿಯನ್ನೇ ಅದ್ದಿಕೊಂಡು ಅವಸರವಸರವಾಗಿ ಮತ್ತೆ ಬರೆಯುತ್ತಾನೆ!

ಇಲ್ಲಿಗೆ ಬಂದಾಗ ನನ್ನ ದನಿ ನಿಂತಿತು.

ನಾನು ಹೊಸದಾಗಿ ಲೆಕ್ಕಪತ್ರ ಶಾಖೆಯ ಮೇಲಧಿಕಾರಿಯಾಗಿದ್ದ ಕಾಲ. ವಯಸ್ಸಾದ ಗುಮಾಸ್ತರೊಬ್ಬರು ಕೂಡುವ ಲೆಕ್ಕವನ್ನು ಬಾಯಲ್ಲಿ ಗುಣುಗುಣು ಎಂದು ಹೇಳಿಕೊಂಡೇ ಮಾಡುವವರು. ಏಳು ಎಂಟು ಹದಿನೈದು, ಕೈಯಲ್ಲಿ ಒಂದು. ನನಗೆ ಅದು ತಲೆನೋವು. ಒಂದು ದಿನ ಎಲ್ಲರೆದುರಿಗೆ, "ಸ್ವಾಮಿ, ಇದೇನು ಕೂಲಿಮಠವೇ?" ಎಂದುಬಿಟ್ಟೆ. ಶಾಖೆಯೆಲ್ಲ ನಕ್ಕಿತು. ಅವರೂ ನಕ್ಕರು. ಮರುದಿನದಿಂದ ದನಿಯಿಲ್ಲ, ತುಟಿ ಮಾತ್ರ ಅಲುಗುತ್ತಿತ್ತು. ಆದರೆ ಮೂವತ್ತು ವರ್ಷ ಕಿವಿಯಿಂದ ಕೂಡಿದ ಲೆಕ್ಕ ಬರಿಯ ಕಣ್ಣಿಗೆ ಒಗ್ಗಲಿಲ್ಲವೆಂದು ತೋರುತ್ತದೆ. ಒಂದೇ ಪುಟವನ್ನು ಮೂರು ಸಲ ಕೂಡುವರು. ದೀಪ ಹಚ್ಚಿದ ಮೇಲೂ ಅವರೊಬ್ಬರೇ ಲೆಜರಿನ ಮುಂದೆ ಇರುತ್ತಿದ್ದರು. ನಾನು ಅದನ್ನು ವಯೋಧರ್ಮವೆಂದು ತಿಳಿದು, ಹಾಗೆಂದೇ ಗುಪ್ತ ವರದಿಯಲ್ಲೂ ಬರೆದೆ. ಕೆಟ್ಟ ಮನಸ್ಸಿನಿಂದಲ್ಲ, ಆಲಿಸಳಿಗೂ ಕೆಟ್ಟ ಮನಸ್ಸೇನೂ ಇರಲಿಲ್ಲವಲ್ಲ. ಹೊಗೆಗೂಡಿನ ಹೊತ್ತಿನಲ್ಲಿ, ಎಲ್ಲ ಕೆಲಸವನ್ನೂ ಬಿಲ್ಲನ ತಲೆಗೇ ಕಟ್ಟುತ್ತಾರಲ್ಲ ಎಂದು ಮರುಗಿದವಳೂ ಅವಳೇ, ಒದ್ದವಳೂ ಅವಳೇ.

"ತಾತ, ಆಮೇಲೆ ಅವಳು ಬಳಪ ವಾಪಸು ಕೊಟ್ಟಳಾ?" ಎಂದಿತು ಮಗು.

ಕನ್ನಡಕ ಏರಿಸಿ ಪುಸ್ತಕದ ಕೊನೆಯವರೆಗೂ ಹುಡುಕಿದೆ. ಕೊಟ್ಟಂತೆ ಎಲ್ಲಿಯೂ ಇಲ್ಲ.