ತಿದಿಯಿಲ್ಲದ ಪೆಟ್ಟಿಗೆ

ಉಸಿರಿಲ್ಲದೆ ಸ್ವರವಿಲ್ಲ. ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಒಮ್ಮೆಯಾದರೂ ಕುಳಿತವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದುದಿಲ್ಲ. ಬಲಗೈ ಮನೆಗಳ ಮೇಲೆ ಎಷ್ಟೇ ಚಮತ್ಕಾರದಿಂದ ಓಡಾಡಲಿ, ಎಡಗೈ ತಿದಿಯನ್ನು ಒತ್ತದಿದ್ದರೆ ಆ ಪೆಟ್ಟಿಗೆ ಬರಿಯ ಮರ. 1875ರ ಸುಮಾರಿನಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಕಾಲಿನಿಂದ ತುಳಿಯುವ ವಾದ್ಯವನ್ನು ನೆಲದ ಮೇಲೆ ಕುಳಿತು ಕೈಯಿಂದ ಒತ್ತುವ ಪೆಟ್ಟಿಗೆಯನ್ನಾಗಿ ಮಾರ್ಪಡಿಸಿದಂದಿನಿಂದ, ನಮ್ಮ ವಾದಕರು ಒಂದು ಕೈಯನ್ನು ರಾಗಕ್ಕೂ ಇನ್ನೊಂದನ್ನು ಉಸಿರಿಗೂ ಮೀಸಲಿಟ್ಟಿರುವರು.

ನಮ್ಮ ತೀರ್ಥರೂಪರು ಐವತ್ತು ವರ್ಷಕ್ಕೆ ಮೇಲ್ಪಟ್ಟು ಹೀಗೆಯೇ ನುಡಿಸಿದವರು. ಹೋದ ವರ್ಷ ಅವರಿಗೆ ಪಾರ್ಶ್ವವಾಯುವಿನ ಪೆಟ್ಟು ತಗಲಿ ಎಡಗೈ ಸ್ವಾಧೀನ ತಪ್ಪಿತು. ಬಲಗೈ ದೈವಕೃಪೆಯಿಂದ ಉಳಿಯಿತು. ತಿದಿಯನ್ನು ಮೊಮ್ಮಗಳು ಒತ್ತಲಿ, ತಾವು ನುಡಿಸಿರಿ ಎಂದು ನಾವು ಬಿನ್ನವಿಸಿಕೊಂಡೆವು. "ಬೇಡಪ್ಪ, ಊಟಕ್ಕೆ, ಸ್ನಾನಕ್ಕೆ ಇನ್ನೊಬ್ಬರ ಕೈ ಬೇಕಾಯಿತು. ಇದಕ್ಕೂ ಬೇಡ" ಎಂದರು. ಪೆಟ್ಟಿಗೆಗೆ ಹಳೆಯ ಪಂಚೆಯೊಂದನ್ನು ಹೊದಿಸಿ ಮೂಲೆಗೆ ಸರಿಸಿದುದಾಯಿತು.

ಆಗ ನೆರೆಮನೆಯ ಹುಡುಗನೊಬ್ಬನು ಮಿಡಿ ಕೀಬೋರ್ಡಿನ ವಿಷಯವನ್ನು ತಿಳಿಸಿದನು. 1983ರಲ್ಲಿ ಬಳಕೆಗೆ ಬಂದ ಈ ಮಿಡಿಯೆಂಬ ಏರ್ಪಾಡಿನಲ್ಲಿ ತಂತಿಯ ಮೂಲಕ ಹರಿಯುವುದು ನಾದವಲ್ಲ, ಕೇವಲ ಸಮಾಚಾರ. ಯಾವ ಮನೆಯನ್ನು ಒತ್ತಿದರು, ಎಷ್ಟು ರಭಸದಿಂದ ಒತ್ತಿದರು, ಯಾವಾಗ ಬಿಟ್ಟರು ಎಂಬಿಷ್ಟನ್ನೇ ಕೀಬೋರ್ಡು ಅಂಕಿಗಳಲ್ಲಿ ಹೇಳಿ ಕಳುಹಿಸುತ್ತದೆ. ನಾದವನ್ನು ಹುಟ್ಟಿಸುವ ಭಾರ ಟ್ಯಾಬ್ಲೆಟ್ಟಿನದು. ಟ್ಯಾಬ್ಲೆಟ್ಟಿನಲ್ಲಿ ಹಾರ್ಮೋನಿಯಂ ಧ್ವನಿಯನ್ನು ಆರಿಸಿಕೊಂಡರೆ ತಿದಿಯ ಗೊಡವೆಯೇ ಇಲ್ಲ. ಒಂದೇ ಕೈ ಸಾಕು. ಮಕ್ಕಳ ಪಾಠಕ್ಕಾಗಿ ಕೊಂಡ ಟ್ಯಾಬ್ಲೆಟ್ಟು ಮನೆಯಲ್ಲಿ ಇದ್ದೇ ಇತ್ತು. ನಲವತ್ತೊಂಬತ್ತು ಮನೆಗಳ ಕೀಬೋರ್ಡೊಂದನ್ನು ತಂದೆವು.

ತೀರ್ಥರೂಪರು ಬೆಳಗ್ಗೆ ಸ್ನಾನ ಮಾಡಿ, ಒಗೆದ ಪಂಚೆಯನ್ನುಟ್ಟು ಬಂದು ಕುಳಿತರು. ನಾವು ತಂತಿಯನ್ನು ಜೋಡಿಸಿದೆವು. ಕೀಬೋರ್ಡಿನ ದೀಪಗಳು ಒಮ್ಮೆ ಮಿನುಗಿದವು. ಅವರು ಷಡ್ಜದ ಮೇಲೆ ಬೆರಳಿಟ್ಟರು. ದೀಪಗಳು ಆರಿಹೋದವು. ಈ ಉಪಕರಣಕ್ಕೆ ಅತಿಯಾದ ವಿದ್ಯುಚ್ಛಕ್ತಿ ಬೇಕಾಗಿರುವುದರಿಂದ ಉಪಯೋಗಿಸಲಾಗದೆಂದು ಟ್ಯಾಬ್ಲೆಟ್ಟಿನ ಮೇಲೆ ಒಂದು ಸಾಲು ಕಾಣಿಸಿಕೊಂಡಿತು. ಕನ್ನಡಕವಿಲ್ಲದ ಅವರಿಗೆ ಆ ಸಾಲು ಕಾಣಿಸಲಿಲ್ಲ. "ನಾನೇ ಏನೋ ತಪ್ಪು ಒತ್ತಿದೆ" ಎಂದು ಕೈಯನ್ನು ಮಡಿಲಿಗೆ ಎಳೆದುಕೊಂಡುಬಿಟ್ಟರು. ಅಲ್ಲವೆಂದು ನಾವು ಎಷ್ಟು ಹೇಳಿದರೂ ನಂಬಲಿಲ್ಲ. ಆ ದಿನ ಮಧ್ಯಾಹ್ನ ಅವರು ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ನಾವು ಮಾಡಿದ ಅವಿವೇಕಗಳನ್ನು ಮುಚ್ಚಿಡುವುದಿಲ್ಲ. ಟ್ಯಾಬ್ಲೆಟ್ಟನ್ನು ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ನೋಡಿದೆವು, ಅದೇ ಸಾಲು. ಮನೆಯಲ್ಲಿದ್ದ ಬೇರೊಂದು ತಂತಿಯನ್ನು ಜೋಡಿಸಿದೆವು. ಆ ಸಾಲು ಬರಲಿಲ್ಲ, ನಾದವೂ ಬರಲಿಲ್ಲ. ಚಾರ್ಜ್ ಮಾಡುವುದಕ್ಕೆ ಮಾತ್ರ ಬರುವ ಕೆಲವು ತಂತಿಗಳಲ್ಲಿ ಸಮಾಚಾರ ಹರಿಯುವ ಎಳೆಗಳೇ ಇರುವುದಿಲ್ಲವೆಂಬುದು ಆಗ ನಮಗೆ ತಿಳಿಯದು. ಕೀಬೋರ್ಡೇ ಕೆಟ್ಟಿರಬೇಕೆಂದು ಅಂಗಡಿಗೆ ಹೊತ್ತೊಯ್ದೆವು. ಅಂಗಡಿಯವರು ತಮ್ಮ ಕಂಪ್ಯೂಟರಿಗೆ ಜೋಡಿಸಲು ಅದು ನಿರಾತಂಕವಾಗಿ ನುಡಿಯಿತು.

ದೋಷವು ಕೀಬೋರ್ಡಿನದೂ ಅಲ್ಲ, ಟ್ಯಾಬ್ಲೆಟ್ಟಿನದೂ ಅಲ್ಲ. ಕೀಬೋರ್ಡಿಗೆ ಸ್ವಂತ ಬ್ಯಾಟರಿಯಿಲ್ಲ. ಅದು ಯುಎಸ್‌ಬಿ ತಂತಿಯಿಂದಲೇ 5 ವೋಲ್ಟಿನ ವಿದ್ಯುತ್ತನ್ನು ಪಡೆದು ಜೀವಿಸುವುದು. ಜೋಡಿಸಿದ ಕೂಡಲೇ ತನಗೆ ಹೆಚ್ಚೆಂದರೆ ಎಷ್ಟು ಬೇಕಾದೀತೆಂಬುದನ್ನು ಅದು ತಾನಾಗಿ ಅರಿಕೆ ಮಾಡಿಕೊಳ್ಳುತ್ತದೆ. ಯುಎಸ್‌ಬಿ 2.0 ನಿಯಮದಂತೆ ಮೊದಲು 100 ಮಿಲಿಆಂಪಿಯರಿಗಿಂತ ಹೆಚ್ಚು ಸೆಳೆಯಕೂಡದು. ಅನುಮತಿ ದೊರೆತರೆ 500ರವರೆಗೆ ಸೆಳೆಯಬಹುದು. ಕಂಪ್ಯೂಟರು ಸಾಮಾನ್ಯವಾಗಿ ಅಷ್ಟನ್ನೂ ಕೊಡಬಲ್ಲದು. ಸ್ವಲ್ಪ ಬ್ಯಾಟರಿಯಿಂದ ದಿನವನ್ನು ತಳ್ಳಬೇಕಾದ ಟ್ಯಾಬ್ಲೆಟ್ಟು, ಬೇಡಿಕೆ ಮಿತಿ ಮೀರಿತೆಂದು ಕಂಡರೆ ಕೊಡುವುದಿಲ್ಲವೆಂದು ಕೈಯೆತ್ತಿಬಿಡುತ್ತದೆ.

ಉಪಾಯ ಸುಲಭವಾದುದು. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಒಂದನ್ನು ನಡುವೆ ಇಡಬೇಕು. ಮೊದಲು ಹಬ್ಬನ್ನು ಗೋಡೆಯ ಪ್ಲಗ್ಗಿಗೆ ಹಾಕಿ, ಬಳಿಕ ಕೀಬೋರ್ಡನ್ನು ಹಬ್ಬಿಗೆ ಸೇರಿಸಿ, ಕಟ್ಟಕಡೆಗೆ ಹಬ್ಬನ್ನು ಟ್ಯಾಬ್ಲೆಟ್ಟಿಗೆ ಕೂಡಿಸುವುದು ಕ್ಷೇಮ. ಆಗ ಕೀಬೋರ್ಡಿನ ಪೋಷಣೆ ಗೋಡೆಯದಾಗಿ, ಟ್ಯಾಬ್ಲೆಟ್ಟಿಗೆ ಸಮಾಚಾರವನ್ನು ಕೇಳುವ ಕೆಲಸವಷ್ಟೇ ಉಳಿಯುತ್ತದೆ. ಚಾರ್ಜರಿಗೂ ಪ್ರತ್ಯೇಕ ದ್ವಾರವುಳ್ಳ ಅಡಾಪ್ಟರಿನಿಂದಲೂ ಕೆಲವು ಟ್ಯಾಬ್ಲೆಟ್ಟುಗಳಲ್ಲಿ ಇದೇ ಕಾರ್ಯ ಸಾಧಿಸುವುದು. ಕೀಬೋರ್ಡಿನ ದೀಪಗಳ ಕಾಂತಿಯನ್ನು ತಗ್ಗಿಸುವ ಅನುಕೂಲವಿದ್ದರೆ ಅದನ್ನೂ ಪ್ರಯೋಗಿಸಿ ನೋಡಬಹುದು. ಹಬ್ಬಿಗೆ ಪವರ್ ಬ್ಯಾಂಕನ್ನು ಜೋಡಿಸುವವರು ಒಂದನ್ನು ನೆನಪಿಡಬೇಕು: ಅವುಗಳಲ್ಲಿ ಕೆಲವು, ಸೆಳೆತ ತೀರ ಕಡಿಮೆಯಾದರೆ, ಕೆಲಸ ಮುಗಿಯಿತೆಂದು ತಿಳಿದು ತಾವಾಗಿಯೇ ನಿಂತುಹೋಗುತ್ತವೆ.

ಹಬ್ಬನ್ನು ತಂದ ಸಂಜೆ ತೀರ್ಥರೂಪರನ್ನು ಮತ್ತೆ ಕೂರಿಸುವುದು ಸುಲಭವಾಗಲಿಲ್ಲ. ಕನ್ನಡಕವನ್ನು ತಂದುಕೊಟ್ಟು, ಹಬ್ಬನ್ನು ಬಿಡಿಸಿ, ಮೊದಲಿನ ಹಾಗೆಯೇ ಜೋಡಿಸಿ, ಆ ಸಾಲನ್ನು ಅವರಿಂದಲೇ ಓದಿಸಿದೆವು. ಎರಡು ಸಲ ಓದಿಕೊಂಡರು. "ಹಾಗಾದರೆ ತಪ್ಪು ನನ್ನ ಬೆರಳಿನದಲ್ಲ" ಎಂದರು. ಬಳಿಕ ಹಬ್ಬನ್ನು ಸೇರಿಸಿದೆವು. ದೀಪಗಳು ಹತ್ತಿದವು, ಆರಲಿಲ್ಲ. ಅವರು ಮೋಹನ ರಾಗದ ಆರೋಹಣವನ್ನು ಒಂದೊಂದೇ ಸ್ವರವಾಗಿ ನುಡಿಸಿ, ಮೇಲಿನ ಷಡ್ಜದಲ್ಲಿ ಬಹಳ ಹೊತ್ತು ನಿಂತರು. ನಮ್ಮ ಗೃಹಿಣಿಯು ಒಲೆಯ ಮೇಲಿನ ಹಾಲನ್ನು ಮರೆತು ಬಾಗಿಲಲ್ಲಿ ನಿಂತಿದ್ದಳು. ಹಾಲು ಉಕ್ಕಿಹೋಯಿತು.

ಒಂದು ತಿಂಗಳವರೆಗೆ ನಸುಕಿನಲ್ಲಿಯೂ ರಾತ್ರಿಯಲ್ಲಿಯೂ ಯಾರನ್ನೂ ಕರೆಯದೆ ಅವರು ನುಡಿಸಿಕೊಂಡರು. ಒಂದು ಸಂಜೆ ವಿದ್ಯುತ್ತು ನಿಂತುಹೋಯಿತು, ಕೀಬೋರ್ಡು ಮೌನವಾಯಿತು. ತೀರ್ಥರೂಪರು ಕತ್ತಲಲ್ಲಿ ತುಸು ಹೊತ್ತು ಸುಮ್ಮನಿದ್ದರು. ಬಳಿಕ ಮೊಮ್ಮಗಳನ್ನು ಕೂಗಿ, "ಪುಟ್ಟೀ, ಆ ಪಂಚೆ ತೆಗೆದು ಹಳೆಯ ಪೆಟ್ಟಿಗೆಯನ್ನು ಇತ್ತ ತಾ. ತಿದಿ ನೀನು ಒತ್ತು" ಎಂದರು.

ಇಷ್ಟು ದಿನ ಬೇಡವೆಂದವರು ಈಗ ಹೇಗೆ ಒಪ್ಪಿದಿರೆಂದು ನಾವು ಕೇಳಲಿಲ್ಲ. ಮರುದಿನ ಅವರೇ ಹಬ್ಬನ್ನು ತೋರಿಸಿ, "ಇದು ಗೋಡೆಯಿಂದ ಉಸಿರು ಬೇಡಿದ್ದಕ್ಕೆ ಹಾಡು ಗೋಡೆಯದಾಯಿತೇ?" ಎಂದು ನಕ್ಕರು. ಈಗ ನಮ್ಮ ಮನೆಯಲ್ಲಿ ಎರಡು ಪೆಟ್ಟಿಗೆಗಳೂ ನುಡಿಯುತ್ತವೆ. ನಸುಕಿನಲ್ಲಿ ಅವರೊಬ್ಬರೇ ಆದಾಗ ಕೀಬೋರ್ಡು. ಸಂಜೆ ಮಗು ಶಾಲೆಯಿಂದ ಬಂದ ಮೇಲೆ ಹಾರ್ಮೋನಿಯಂ.