ಖರ್ಜ ಇರಲಿ, ಗುಡುಗುಡಿ ಹೋಗಲಿ

ಹುಬ್ಬಳ್ಳಿ ತಾಲೂಕಿನ ಸುಳ್ಳದಲ್ಲಿ ನಮ್ಮಣ್ಣ ಕಟ್ಟಿಸಿದ ಹೊಸ ಮನೆಗೆ ಸ್ಲ್ಯಾಬಿನ ಮಾಳಿಗೆ, ನೆಲಕ್ಕೆ ಟೈಲ್ಸ್, ಸುತ್ತಲೂ ನುಣ್ಣನೆಯ ಸಿಮೆಂಟು ಗೋಡೆ. ಪಡಸಾಲೆಯ ಮೂಲೆಯ ಕಪಾಟಿನ ಮೇಲೆ ದೊಡ್ಡ ಸ್ಪೀಕರ್ ಬಂದು ಕೂತ ದಿನದಿಂದ ಹಾಡಿನ ಜೊತೆ ಇನ್ನೊಂದು ಸದ್ದೂ ಮನೆ ಸೇರಿತು. ಯಾವ ಸ್ವರವೆಂದು ಹೇಳಲು ಬಾರದ, ಎದೆಗೇ ನೇರ ತಾಗುವ ಗುಡುಗುಡಿ ಅದು. ಅಡುಗೆಮನೆಯಲ್ಲಿ ಒಂದಕ್ಕೊಂದು ಆನಿಸಿಟ್ಟ ಸ್ಟೀಲ್ ತಾಟುಗಳು ಜಿರ್ರೆನ್ನುತ್ತಿದ್ದವು. ಒಂದರ ಮೇಲೆ ಬೆರಳಿಟ್ಟರೆ ಅದು ಸುಮ್ಮನಾಗುತ್ತಿತ್ತು, ಪಕ್ಕದ್ದು ಶುರುವಾಗುತ್ತಿತ್ತು. ಕಾಕಾ ಒಳಗಿನಿಂದಲೇ, “ಹೊರಗ ಯಾರರ ಟ್ರ್ಯಾಕ್ಟರ್ ಚಾಲೂ ಬಿಟ್ಟಾರೇನು ನೋಡೋ ತಮ್ಮಾ” ಅಂದರು.

ಹಚ್ಚಿದ್ದು ಗಂಗೂಬಾಯಿ ಹಾನಗಲ್ಲರ ಹಾಡು. “ಬೇಸ್ ಪೂರಾ ಇಳಿಸಿಬಿಡ್ರಿ, ಮುಗೀತು” ಎಂದು ಸಲಹೆ ಕೊಟ್ಟವರು ಬಹಳ ಮಂದಿ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಆ ತಾಯಿಯ ದನಿ ಇಳಿದು, ಗಟ್ಟಿಯಾಗಿ, ಯಾರೂ ಸರಿಗಟ್ಟಲಾರದ ಘನತೆ ಪಡೆಯಿತು. ಅವರು ಬಾಳಿದ ಹುಬ್ಬಳ್ಳಿಯ ತಾಲೂಕಿನ ಮನೆಯಲ್ಲೇ ಆ ದನಿಯ ಬುಡ ಕತ್ತರಿಸುವುದೆಂದರೆ ಮನಸ್ಸು ಹೇಗೆ ಬಂದೀತು? ತಂಬೂರಿಯ ಖರ್ಜದ, ಅಂದರೆ ಮಂದ್ರ ಷಡ್ಜದ, ತಂತಿ ಕೇಳಿಸದಿದ್ದರೆ ಹಾಡಿಗೆ ನೆಲೆಯೇ ಇರುವುದಿಲ್ಲ.

ತೊಂದರೆ ಇದ್ದದ್ದು ಕೋಣೆಯಲ್ಲಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ 5 ಮೀಟರ್ ಅಂತರವಿದ್ದರೆ 34 ಹರ್ಟ್ಸ್ ಆಸುಪಾಸಿನ ಅಲೆ ಅಲ್ಲೇ ಸಿಕ್ಕಿಕೊಂಡು ಹಿಂದೆಮುಂದೆ ತೂಗಾಡುತ್ತದೆ. ಗೋಡೆಯ ಹತ್ತಿರ ಅದರ ಒತ್ತಡ ಹೆಚ್ಚು, ಕೋಣೆಯ ನಡುವೆ ಕಡಿಮೆ. ನಮ್ಮ ಸೋಫಾ ಇದ್ದದ್ದು ಗೋಡೆಗೆ ಹತ್ತಿ, ಸ್ಪೀಕರ್ ಇದ್ದದ್ದು ಮೂಲೆಯಲ್ಲಿ. ಮೂಲೆಯಂತೂ ಮಂದ್ರದ ಎಲ್ಲ ಅಲೆಗಳನ್ನೂ ಎಬ್ಬಿಸುವ ಜಾಗ. ಹಳೆಯ ಮನೆಯಲ್ಲಿ ಜಂತಿ-ಹಲಗೆಯ ಮಾಳಿಗೆ, ಹಗಲಿಡೀ ತೆರೆದ ಬಾಗಿಲು, ಮೂಲೆತುಂಬ ಜೋಳದ ಚೀಲ. ಭಾರದ ಸದ್ದಿಗೆ ಕರಗಲಿಕ್ಕೂ ಹೊರಬೀಳಲಿಕ್ಕೂ ಅಲ್ಲಿ ದಾರಿ ಇತ್ತು.

ಸ್ಪೀಕರನ್ನು ಕಪಾಟಿನಿಂದ ಇಳಿಸಿದೆವು. ಪೊಳ್ಳು ಕಪಾಟು ತಾನೂ ನುಡಿಯುತ್ತದೆ. ಆಮೇಲೆ ಅದನ್ನು ನಾವು ಕೂರುವ ಜಾಗದಲ್ಲೇ ಇಟ್ಟು, ನೆಲಕ್ಕೆ ಬಗ್ಗಿ ಕೋಣೆಯೆಲ್ಲ ಸುತ್ತಿ ಕಿವಿಗೊಟ್ಟೆವು. ಎಲ್ಲಿ ಮಂದ್ರ ಹದವಾಗಿ, ಒಂದೊಂದು ಸ್ವರವೂ ಬೇರೆಬೇರೆಯಾಗಿ ಕೇಳಿತೋ ಅಲ್ಲಿಗೆ ಅದನ್ನು ತಂದಿಟ್ಟೆವು, ಅಡಿಗೆ ದಪ್ಪ ರಬ್ಬರ್ ಕೊಟ್ಟು. ಸೋಫಾ ಗೋಡೆ ಬಿಟ್ಟು ಮುಂದೆ ಬಂತು. ಮೂಲೆಗಳಲ್ಲಿ ಹತ್ತಿಯ ಗಾದಿ ಸುತ್ತಿ ನಿಲ್ಲಿಸಿದೆವು. ಗೋಡೆಗೆ ಜಮಖಾನೆ ತೂಗುಹಾಕಿದರೆ ಸಾಕೆನ್ನುವವರಿದ್ದಾರೆ. ಹತ್ತು ಮೀಟರ್ ಉದ್ದದ ಅಲೆಗೆ ಜಮಖಾನೆ ಲೆಕ್ಕಕ್ಕೇ ಇಲ್ಲ, ಅದು ತಡೆಯುವುದು ಮೇಲಿನ ಸದ್ದನ್ನು ಮಾತ್ರ.

ಇಷ್ಟಾದರೂ ಒಂದು ಪಾಲು ಗುಡುಗುಡಿ ಉಳಿಯಿತು, ಅದೂ ಹಳೆಯ ರೆಕಾರ್ಡುಗಳಲ್ಲಿ. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ಗಂಗೂಬಾಯಿಯವರ ತಟ್ಟೆಗಳನ್ನು ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ತಂದಿತ್ತು. ಅವುಗಳಲ್ಲಿ ದನಿ ಇನ್ನೂ ತೆಳುವು. ಹಾಗಾಗಿ ದನಿಯ ಅಡಿಯಲ್ಲಿ ಹೊರಳುವ ಭಾರ ಹಾಡಿನದಲ್ಲ, ಯಂತ್ರದ್ದು. ತಟ್ಟೆಯ ಸೊಟ್ಟ, ತಿರುಗಿಸುವ ಮೋಟಾರಿನ ನಡುಕ, ಎರಡನ್ನೂ ಮುಳ್ಳು ಹೆಕ್ಕಿಕೊಳ್ಳುತ್ತದೆ. ಫೋನಿನ ಈಕ್ವಲೈಜರಿನಲ್ಲಿ 30 ಹರ್ಟ್ಸಿಗಿಂತ ಕೆಳಗಿನದನ್ನು ಕತ್ತರಿಸಿದೆವು. ಹಾರ್ಮೋನಿಯಂನ ಕಪ್ಪು ಒಂದರ ಷಡ್ಜ ಸುಮಾರು 138 ಹರ್ಟ್ಸ್, ಅದರ ಖರ್ಜ 69. ಹೀಗಾಗಿ ತಂಬೂರಿಗೆ ಒಂದು ಕೂದಲೂ ಕೊಂಕಲಿಲ್ಲ.

ಇನ್ನು ಬಾಜೂ ಮನೆಯವರ ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಆದರೆ ಅಳೆಯುವ ಡಿಬಿ(ಎ) ಪದ್ಧತಿ 50 ಹರ್ಟ್ಸ್ ಸದ್ದಿನಲ್ಲಿ ಸುಮಾರು 30 ಡೆಸಿಬಲ್ ಕಳೆದೇ ಲೆಕ್ಕ ಹಿಡಿಯುತ್ತದೆ. ಮೀಟರು ಸುಮ್ಮನಿದ್ದರೂ ಗೋಡೆಯಾಚೆ ಮಲಗಿದವರಿಗೆ ನಿದ್ದೆ ಇರುವುದಿಲ್ಲ. ಊರಲ್ಲಿ ಎಷ್ಟೋ ಮನೆಗಳಿಗೆ ನಡುವೆ ಇರುವುದು ಒಂದೇ ಗೋಡೆ, ದನಿ ದಾಟದಿದ್ದರೂ ಮಂದ್ರ ದಾಟುತ್ತದೆ. ಅಣ್ಣ ಹಾಡು ಹಚ್ಚಿಟ್ಟು ಬಾಜೂ ಮನೆಗೇ ಹೋಗಿ ಕೂತು ಕೇಳಿಬಂದ. “ಅಜ್ಜೀ, ನಿದ್ದಿಗೆ ತ್ರಾಸ ಆಗೂದಿಲ್ಲಲಾ?” ಎಂದದ್ದಕ್ಕೆ, “ಹಗಲೊತ್ತು ಹಚ್ಚಪ್ಪಾ, ಊಟ ಆದಮ್ಯಾಲ ಬ್ಯಾಡ” ಎಂದಳಂತೆ. ಅದೇ ಈಗ ನಮ್ಮ ಮನೆಯ ನಿಯಮ.

ಅಡುಗೆಮನೆಯ ಬಾಗಿಲ ಬಳಿ ಒಂದು ಸ್ವರ ಇನ್ನೂ ಉಬ್ಬುತ್ತದೆ. ಈ ಸಲದ ಹತ್ತಿ ಬಿಡಿಸಿದ ಮೇಲೆ ಕಟ್ಟಿಗೆಯ ಚೌಕಟ್ಟಿಗೆ ಗೇಣುದಪ್ಪ ಅರಳೆ ತುಂಬಿ ಅಲ್ಲಿ ನಿಲ್ಲಿಸಬೇಕೆಂದು ಅಣ್ಣ ಬಡಿಗೇರನಿಗೆ ಹೇಳಿಟ್ಟಿದ್ದಾನೆ.